ನಾನು, ಅವರು, ಮತ್ತು, ಅಥವಾ: ದಿನಬಳಕೆಯ ಇಂಗ್ಲಿಷ್ ಕುರಿತು

(ಪುಲಿಕೇಶಿನಗರದಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರಿಗಾಗಿ ಏರ್ಪಡಿಸಿದ್ದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನನಗೆ ಕೊಟ್ಟಿರುವ ವಿಷಯ, ಇಂಗ್ಲಿಷಿನಲ್ಲಿ ಸರ್ವನಾಮ, ಸಂಯೋಜಕ ಪದ ಮತ್ತು ಕ್ರಿಯಾಪದಗಳು ಹೇಗೆ ಕೂಡಿಕೊಳ್ಳುತ್ತವೆ ಎಂಬುದು. ಹೆಸರು ಕೇಳಿ ಇಬ್ಬರು ಮೂವರು ಆಗಲೇ ಬಾಗಿಲ ಕಡೆ ನೋಡ್ತಾ ಇದ್ದೀರಿ. ಹೆದರಬೇಡಿ. ಸರ್ವನಾಮ ಅಂದರೆ ನಾನು, ನೀನು, ಅವರು. ಸಂಯೋಜಕ ಅಂದರೆ ಮತ್ತು, ಅಥವಾ, ಆದರೆ. ಕ್ರಿಯಾಪದ ಅಂದರೆ ಬಂದೆ, ಹೋದೆ, ಕೊಡ್ತೀನಿ. ಈ ಮೂರನ್ನೂ ನೀವು ಬೆಳಗ್ಗೆ ಎದ್ದಾಗಿನಿಂದ ಸಾವಿರ ಸಲ ಉಪಯೋಗಿಸಿರ್ತೀರಿ. ಕೆಲಸದ ಮನೆಯಲ್ಲಿ, ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ ಇಂಗ್ಲಿಷಿಗೆ ಬದಲಾಯಿಸಿದ ಕೂಡಲೆ ಇವು ಕೈಕೊಡುತ್ತವೆ. ಕೈಕೊಟ್ಟಾಗ ಏನಾಗುತ್ತೆ ಅನ್ನೋದನ್ನ ಮೊದಲು ಹೇಳಿಬಿಡ್ತೀನಿ.

ನಮ್ಮ ಭಾನುವಾರದ ತರಗತಿಗೆ ಬರುತ್ತಿದ್ದ ಒಬ್ಬ ತಂಗಿ. ಹೆಸರು ಬೇಡ. ಮನೆಗೆಲಸಕ್ಕೆ ಹೋಗುವವರು. ಕೆಲಸದ ಮನೆಯಲ್ಲಿ ಬಿಸಿ ಎಣ್ಣೆ ಕೈ ಮೇಲೆ ಚೆಲ್ಲಿತು. ಯಜಮಾನಿತಿ ಗಾಬರಿಯಾಗಿ, "ನೀನು ಆಟೋ ಹಿಡಿದು ಆಸ್ಪತ್ರೆಗೆ ಹೋಗು, ನಾನು ದುಡ್ಡು ಕೊಡ್ತೀನಿ" ಅಂದರು. ಆಸ್ಪತ್ರೆ ಕೌಂಟರಿನಲ್ಲಿ ಕೂತಿದ್ದ ಹುಡುಗನಿಗೆ ಕನ್ನಡವೂ ಬಾರದು, ತಮಿಳೂ ಬಾರದು. ಬಿಲ್ ಯಾರು ಕಟ್ಟುತ್ತಾರೆ ಅಂತ ಇಂಗ್ಲಿಷಿನಲ್ಲಿ ಕೇಳಿದ. ನಮ್ಮ ತಂಗಿ ಧೈರ್ಯವಾಗಿ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟರು: "ಮೇಡಂ ಟೋಲ್ಡ್ ಐ ವಿಲ್ ಪೇ." ಹುಡುಗ ತಲೆಯಾಡಿಸಿ ಕಾಗದದಲ್ಲಿ ಬರೆದುಕೊಂಡ: ರೋಗಿಯೇ ಪಾವತಿಸುತ್ತಾರೆ. ಕೆಳಗೆ ಇವರ ಸಹಿ ಹಾಕಿಸಿಕೊಂಡ. ಬಿಲ್ ಬಂದಾಗ ಆ ಮನೆಯ ಯಜಮಾನರು ಅದೇ ಕಾಗದ ತೋರಿಸಿ, "ನೀವೇ ಕಟ್ತೀನಿ ಅಂತ ಒಪ್ಪಿಕೊಂಡಿದ್ದೀರಲ್ಲ" ಅಂದರು. ಸಂಘದಿಂದ ಸಾಲ ತೆಗೆದು ಇವರೇ ಕಟ್ಟಬೇಕಾಯಿತು. ಸುಟ್ಟ ಕೈಯಲ್ಲೇ ದುಡಿದು ಆ ಸಾಲ ತೀರಿಸಿದರು.

ಆ ಮನೆಯವರಿಗೆ ಮನಸ್ಸಿದ್ದಿದ್ದರೆ ಕಾಗದ ಏನೇ ಹೇಳಲಿ ಕೊಡಬಹುದಾಗಿತ್ತು. ಅದು ಅವರ ಆತ್ಮಸಾಕ್ಷಿಗೆ ಬಿಟ್ಟದ್ದು. ನಾನು ಹೇಳಬೇಕಾದದ್ದು ಆ ಐದು ಪದಗಳ ವಿಷಯ. ತಂಗಿ ಹೇಳಿದ್ದರಲ್ಲಿ ಸುಳ್ಳೇನಿತ್ತು? ಏನೂ ಇಲ್ಲ. ಕನ್ನಡದಲ್ಲಿ ನಾವು ಹೀಗೇ ಹೇಳ್ತೀವಿ: "ಮೇಡಂ ನಾನು ಕೊಡ್ತೀನಿ ಅಂದ್ರು." ಇಲ್ಲಿ 'ನಾನು' ಅಂದರೆ ಮೇಡಂ. 'ಅಂತ' ಅಥವಾ 'ಅಂದ್ರು' ಬಂದ ಕೂಡಲೆ ಹಿಂದಿನ ಮಾತು ಇನ್ನೊಬ್ಬರ ಬಾಯಿಂದ ಬಂದದ್ದು ಅಂತ ಕೇಳುವವರಿಗೆ ಗೊತ್ತಾಗುತ್ತೆ. ತಮಿಳಿನಲ್ಲೂ ಹಾಗೇ, ತೆಲುಗಿನಲ್ಲೂ ಹಾಗೇ. ಇಂಗ್ಲಿಷಿನಲ್ಲಿ ಆ ರಕ್ಷಣೆ ಇಲ್ಲ. ಅಲ್ಲಿ 'ಐ' ಅಂದರೆ ಯಾರ ಬಾಯಿಂದ ಈಗ ಶಬ್ದ ಹೊರಡುತ್ತಿದೆಯೋ ಅವರು. ಬೇರೆಯವರ ಮಾತನ್ನು ನಮ್ಮ ಮಾತಿನಲ್ಲಿ ಒಪ್ಪಿಸುವಾಗ 'ಐ' ಹೋಗಿ 'ಶಿ' ಆಗಬೇಕು, 'ವಿಲ್' ಹೋಗಿ 'ವುಡ್' ಆಗಬೇಕು: "ಮೇಡಂ ಸೆಡ್ ಶಿ ವುಡ್ ಪೇ." ಸರ್ವನಾಮ ಬದಲಾದರೆ ಅದರ ಹಿಂದೆ ಕ್ರಿಯಾಪದವೂ ಹೊರಳುತ್ತೆ. ಎರಡೂ ಒಟ್ಟಿಗೆ ಕಟ್ಟಿದ ಎತ್ತುಗಳು.

ಇದು ಕಷ್ಟ ಅನ್ನಿಸಿದರೆ ಒಂದು ಸುಲಭದ ದಾರಿ ಇದೆ. ಸರ್ವನಾಮವನ್ನೇ ಬಿಟ್ಟುಬಿಡಿ, ಹೆಸರನ್ನೇ ಹೇಳಿ. ಒಂದು ವಾಕ್ಯವನ್ನು ಎರಡು ಮಾಡಿ. "ಮೇಡಂ ವಿಲ್ ಪೇ. ಮೇಡಂ ಟೋಲ್ಡ್ ಮಿ." ವ್ಯಾಕರಣದ ಮೇಷ್ಟರಿಗೆ ಇದು ಸೊಗಸಾಗಿ ಕಾಣದಿರಬಹುದು, ಆದರೆ ಇದರಲ್ಲಿ ತಪ್ಪೂ ಇಲ್ಲ, ಮೋಸ ಹೋಗುವ ಸಂದೂ ಇಲ್ಲ. 'ಟೋಲ್ಡ್' ಅಂದಾಗ ಯಾರಿಗೆ ಹೇಳಿದರು ಅನ್ನೋದು ಜೊತೆಗೆ ಬರಲೇಬೇಕು ಅನ್ನೋದನ್ನೂ ನೆನಪಿಡಿ: ಟೋಲ್ಡ್ ಮಿ, ಟೋಲ್ಡ್ ಹರ್. ಯಾರಿಗೆ ಅಂತ ಹೇಳೋದು ಬೇಡವಾದರೆ 'ಸೆಡ್' ಸಾಕು.

ಕನ್ನಡದಲ್ಲಿ 'ತಾನು' ಅಂತ ಒಂದು ಚಿನ್ನದಂಥ ಪದ ಇದೆ. "ಮೇಡಂ ತಾವೇ ಕೊಡ್ತೀವಿ ಅಂದ್ರು" ಅಂದರೆ ಎಂಥ ಕೌಂಟರಿನ ಹುಡುಗನಿಗೂ ಅನುಮಾನ ಬರೋದಿಲ್ಲ. ಇಂಗ್ಲಿಷಿನಲ್ಲಿ ಇದಕ್ಕೆ ಸರಿಸಮನಾದ ಪದ ಇಲ್ಲ. ಪೇಟೆಯ ಮಾತಿನಲ್ಲಿ ನಾವೂ ಈ ಪದವನ್ನು ಮರೆಯುತ್ತಾ ಇದ್ದೀವಿ ಅನ್ನೋದು ನನ್ನ ಸಣ್ಣ ದೂರು.

ಈಗ ಕ್ರಿಯಾಪದದ ಬಾಲಕ್ಕೆ ಬರೋಣ. ಕನ್ನಡದಲ್ಲಿ ಬಂದೆ, ಬಂದೆವು, ಬಂದೆ ನೀನು, ಬಂದಿರಿ, ಬಂದನು, ಬಂದಳು, ಬಂದರು, ಬಂತು. ಯಾರು ಬಂದದ್ದು ಅನ್ನೋದು ಕ್ರಿಯಾಪದದ ಬಾಲದಲ್ಲೇ ಇರುವುದರಿಂದ ಸರ್ವನಾಮವನ್ನು ಬಿಟ್ಟರೂ ನಡೆಯುತ್ತೆ. "ನಿನ್ನೆ ಯಾಕೆ ಬರಲಿಲ್ಲ?" "ಜ್ವರ ಇತ್ತು." ಇದರಲ್ಲಿ ನಾನು ನೀನು ಒಂದೂ ಇಲ್ಲ, ಆದರೂ ಅರ್ಥ ಪೂರ್ತಿ. ಇಂಗ್ಲಿಷಿನ ಕ್ರಿಯಾಪದಕ್ಕೆ ಬಾಲ ಕತ್ತರಿಸಿ ಹೋಗಿದೆ. 'ಕೇಮ್' ಅಂದರೆ ಯಾರು ಬಂದದ್ದು? ಗೊತ್ತಿಲ್ಲ. ಅದಕ್ಕೇ ಮುಂದೆ ಒಬ್ಬರು ನಿಂತಿರಲೇಬೇಕು: ಐ ಕೇಮ್, ಶಿ ಕೇಮ್, ದೇ ಕೇಮ್. ಯಾರೂ ಇಲ್ಲದಿದ್ದರೆ ಒಂದು 'ಇಟ್' ತಂದಾದರೂ ನಿಲ್ಲಿಸುತ್ತಾರೆ. "ಮಳೆ ಬರ್ತಿದೆ" ಅನ್ನೋದಕ್ಕೆ "ಇಟ್ ಈಸ್ ರೈನಿಂಗ್." ಯಾವುದು ಆ ಇಟ್? ಯಾವುದೂ ಅಲ್ಲ. ಖಾಲಿ ಕುರ್ಚಿಗೆ ಹಾಕಿದ ಟವೆಲ್.

ಕತ್ತರಿಸಿ ಹೋದ ಆ ಬಾಲದ ಒಂದೇ ಒಂದು ತುಂಡು ಉಳಿದಿದೆ. ವರ್ತಮಾನದಲ್ಲಿ ಹಿ, ಶಿ, ಇಟ್ ಬಂದಾಗ ಕೊನೆಗೆ ಒಂದು 'ಎಸ್'. ಐ ವರ್ಕ್, ಯು ವರ್ಕ್, ದೇ ವರ್ಕ್. ಆದರೆ ಶಿ ವರ್ಕ್ಸ್. ಎಂಟು ಬಾಲ ಇರುವ ಕನ್ನಡವನ್ನು ಮೂರು ವರ್ಷದ ಮಗು ತಪ್ಪಿಲ್ಲದೆ ಮಾತಾಡುತ್ತೆ. ಒಂದೇ ಬಾಲ ಇರುವ ಇಂಗ್ಲಿಷಿನಲ್ಲಿ ನಾವು ಆ ಒಂದನ್ನೇ ಮರೀತೀವಿ! "ಮೈ ಡಾಟರ್ ಸ್ಟಡಿ ಇನ್ ಫಿಫ್ತ್" ಅಂತ ಹೇಳಿ ಬರ್ತೀವಿ. 'ಸ್ಟಡೀಸ್' ಆಗಬೇಕು. ಇಲ್ಲ ಅನ್ನುವಾಗ ಆ ಎಸ್ 'ಡು' ಮೇಲೆ ಹತ್ತಿ ಕೂರುತ್ತೆ: ಶಿ ಡಸ್ ನಾಟ್ ಸ್ಟಡಿ. ಎರಡು ಕಡೆ ಕೂರೋದಿಲ್ಲ. ಹಾಗೆಯೇ, ನಮ್ಮಲ್ಲಿ "ನಾನು ಟೈಲರ್" ಅಂದರೆ ವಾಕ್ಯ ಮುಗಿಯಿತು. ಅವರಲ್ಲಿ ನಡುವೆ ಒಂದು 'ಆಮ್' ಬೇಕು: ಐ ಆಮ್ ಎ ಟೈಲರ್. "ಮೈಸೆಲ್ಫ್ ಟೈಲರ್" ಬೇಡ, ದಯವಿಟ್ಟು. "ಐ ಆಮ್ ಹ್ಯಾವಿಂಗ್ ಟೂ ಚಿಲ್ಡ್ರನ್" ಅನ್ನೋದೂ ಬೇಡ, "ಐ ಹ್ಯಾವ್" ಅಂದರೆ ಸಾಕು, ಮಕ್ಕಳು ಎಲ್ಲೂ ಓಡಿಹೋಗೋದಿಲ್ಲ.

ನಿಮ್ಮಲ್ಲಿ ಕೆಲವರು ಕೇಳಬಹುದು, ನಮ್ಮ ಅಜ್ಜಂದಿರು ಶಾಲೆಗೆ ಹೋಗದೆಯೇ ದೊರೆಗಳ ಹತ್ತಿರ ಇಂಗ್ಲಿಷ್ ಮಾತಾಡ್ತಿದ್ದರಲ್ಲ ಅಂತ. ನಿಜ. 1809ರಲ್ಲಿ ಇಲ್ಲಿ ದಂಡು ಬಂದಾಗಿನಿಂದ ಬಟ್ಲರುಗಳು, ಆಯಾಗಳು, ಕುದುರೆ ನೋಡಿಕೊಳ್ಳುವವರು ಕಿವಿಯಿಂದಲೇ ಇಂಗ್ಲಿಷ್ ಕಲಿತರು. 1898ರ ಪ್ಲೇಗಿನ ನಂತರ ಗಾಳಿ ಬೆಳಕಿನ ಹೊಸ ಬಡಾವಣೆ ಬೇಕೆಂದು ಎಬ್ಬಿಸಿ, ಮೈಸೂರಿನ ರೆಸಿಡೆಂಟ್ ಆಗಿದ್ದ ಸ್ಟುವರ್ಟ್ ಫ್ರೇಜರ್ ಹೆಸರಿಟ್ಟ ಈ ನಮ್ಮ ಫ್ರೇಜರ್ ಟೌನ್, ಈಗಿನ ಪುಲಿಕೇಶಿನಗರ, ಅಂಥವರು ದುಡಿದ ಮನೆಗಳಿಂದಲೇ ತುಂಬಿತ್ತು. ಆ ಬಗೆಯ ಮಾತಿಗೆ ಬಟ್ಲರ್ ಇಂಗ್ಲಿಷ್ ಅಂತ ಹೆಸರು. 1886ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಹಾಬ್ಸನ್ ಜಾಬ್ಸನ್ ನಿಘಂಟಿನಲ್ಲೂ ಅದರ ವಿವರ ಇದೆ. ಮುಂದೆ ಆಗುವುದಕ್ಕೆ 'ಇಂಗ್' ಸೇರಿಸೋದು, ಆಗಿಹೋದದ್ದಕ್ಕೆ 'ಡನ್' ಸೇರಿಸೋದು, ಅಷ್ಟೆ. "ಐ ಕಮಿಂಗ್" ಅಂದರೆ ಬರ್ತೀನಿ. "ಐ ಡನ್ ಕಮ್" ಅಂದರೆ ಬಂದೆ. ದೊರೆಗಳು ಕೇಳಿ ನಗುತ್ತಿದ್ದರು, ಕೆಲಸ ಮಾತ್ರ ನಡೆಯುತ್ತಿತ್ತು. ನನಗೆ ಆ ಮಾತಿನ ಬಗ್ಗೆ ಗೌರವ ಇದೆ. ಎಲ್ಲವನ್ನೂ ಬಾಯಲ್ಲೇ ಮುಗಿಸುವ ಕಾಲಕ್ಕೆ ಅದು ಸಾಕಿತ್ತು. ಕಾಗದಕ್ಕೆ ಸಹಿ ಹಾಕುವ ಕಾಲಕ್ಕೆ ಸಾಲದು.

ಭಾಷೆ ಕಲಿಯುವ ಕಷ್ಟ ಬಡವರಿಗೆ ಮಾತ್ರ ಅಂತಲೂ ತಿಳಿಯಬೇಡಿ. ತಾಮಸ್ ಸ್ಟೀಫನ್ಸ್ ಅನ್ನುವ ಯೇಸುಸಭೆಯ ಗುರುಗಳು, ಹುಟ್ಟಿನಿಂದ ಇಂಗ್ಲಿಷರು, 1579ರಲ್ಲಿ ಗೋವಾಕ್ಕೆ ಬಂದರು. ಇಲ್ಲಿಯ ಜನರ ಮಾತನ್ನು ಒಂದೊಂದೇ ಪದ ಹೆಕ್ಕಿ ಕಲಿತು ಕೊಂಕಣಿಗೆ ಒಂದು ವ್ಯಾಕರಣವನ್ನೇ ಬರೆದರು. ಅವರು ತೀರಿಹೋದ ಮೇಲೆ 1640ರಲ್ಲಿ ಅದು ರಾಚೋಲಿನಲ್ಲಿ ಅಚ್ಚಾಯಿತು. ಭಾರತದ ಭಾಷೆಯೊಂದಕ್ಕೆ ಅಚ್ಚಾದ ಮೊದಲ ವ್ಯಾಕರಣ ಅದೇ. ಇಂಗ್ಲಿಷರೊಬ್ಬರು ನಮ್ಮ ಕರಾವಳಿಯ ಕ್ರಿಯಾಪದಗಳ ಜೊತೆ ಗುದ್ದಾಡಿದ್ದಾರೆ. ನಾವು ಅವರ ಎಸ್ ಜೊತೆ ಗುದ್ದಾಡಿದರೆ ನಾಚಿಕೆ ಏನು?

ಇನ್ನು 'ಅವರು'. ನಮ್ಮ ತರಗತಿಯ ಇನ್ನೊಬ್ಬ ತಾಯಿ ಗಂಡ ತೀರಿಕೊಂಡ ಮೇಲೆ ಒಂದು ಕಚೇರಿಗೆ ಅರ್ಜಿ ಹಿಡಿದು ಹೋಗಿದ್ದರು. ಅಧಿಕಾರಿ ಹಸ್ಬೆಂಡ್ ಎಲ್ಲಿ ಅಂತ ಕೇಳಿದರು. ಇವರು "ದೇ ಎಕ್ಸ್‌ಪೈರ್ಡ್" ಅಂದರು. "ಎಷ್ಟು ಜನ?" ಅಂತ ಆ ಮನುಷ್ಯ ಕೇಳಿದ. ಅವನು ತಮಾಷೆ ಮಾಡಿದನೋ, ನಿಜಕ್ಕೂ ಅರ್ಥವಾಗಲಿಲ್ಲವೋ, ತಾಯಿ ಅಳುತ್ತಾ ವಾಪಸು ಬಂದರು. 'ಹಿ' ಅನ್ನಬೇಕಿತ್ತು ಅಂತ ನಾನು ಹೇಳಿದಾಗ ಅವರು ಕೊಟ್ಟ ಉತ್ತರ ಇದು: "ಇದ್ದಾಗಲೇ ಒಂದು ದಿನ ಅವನು ಅಂದವಳಲ್ಲ ಮಿಸ್. ಸತ್ತ ಮೇಲೆ ಅಂತೀನಾ?"

ಆ ಉತ್ತರಕ್ಕೆ ನಾನು ಸ್ವಲ್ಪ ಹೊತ್ತು ಸುಮ್ಮನಿದ್ದೆ. ಕನ್ನಡದಲ್ಲಿ ಒಬ್ಬರಿಗೆ ಮರ್ಯಾದೆ ಕೊಡಬೇಕಾದರೆ ಅವರನ್ನು ಬಹುವಚನ ಮಾಡ್ತೀವಿ. ಅವರು ಬಂದರು, ಫಾದರ್ ಹೇಳಿದರು, ಅತ್ತೆ ಹೋದರು. ಇಂಗ್ಲಿಷಿನಲ್ಲಿ ರಾಷ್ಟ್ರಪತಿಯೂ 'ಹಿ' ಅಥವಾ 'ಶಿ', ಪೋಪರೂ 'ಹಿ', ಬೀದಿಯ ಹುಡುಗನೂ 'ಹಿ'. 'ಹಿ' ಅಂದರೆ ಅವನು ಅಂತ ನಮ್ಮ ಶಾಲೆಯ ಪುಸ್ತಕಗಳು ಹೇಳಿಕೊಟ್ಟದ್ದೇ ತಪ್ಪಾಯಿತು. 'ಹಿ' ಅಂದರೆ ಅವನೂ ಹೌದು, ಒಬ್ಬ ಗಂಡಸಿನ ಮಟ್ಟಿಗೆ ಅವರೂ ಹೌದು. ಆ ತಾಯಿಗೆ ಇದನ್ನು ಬಿಡಿಸಿ ಹೇಳಿದ ಮೇಲೆ ಅವರು ಒಪ್ಪಿದರು. ಆದರೂ 'ಮೈ ಹಸ್ಬೆಂಡ್' ಅಂತಲೇ ಪೂರ್ತಿ ಹೇಳ್ತಾರೆ, 'ಹಿ' ಅನ್ನೋದಿಲ್ಲ. ಅದೂ ಸರಿಯೇ. ಇಂಗ್ಲಿಷಿನಲ್ಲಿ 'ದೇ' ಒಬ್ಬರಿಗೆ ಬರೋದೇ ಇಲ್ಲ ಅಂತಲೂ ಅಲ್ಲ. ಗಂಡೋ ಹೆಣ್ಣೋ ಗೊತ್ತಿಲ್ಲದಾಗ "ಸಮ್‌ವನ್ ಲೆಫ್ಟ್ ದೆಯರ್ ಅಂಬ್ರೆಲಾ" ಅಂತ ನೂರಾರು ವರ್ಷಗಳಿಂದ ಹೇಳ್ತಾ ಬಂದಿದ್ದಾರೆ. ಆದರೆ ಅದು ಮರ್ಯಾದೆಯ ಬಹುವಚನ ಅಲ್ಲ.

ನೀನು, ನೀವು ಎರಡಕ್ಕೂ 'ಯು' ಒಂದೇ ಇರೋದು ಯಾಕೆ ಅಂತ ಹೋದ ವಾರ ಒಬ್ಬರು ಕೇಳಿದ್ದರು. ಇಂಗ್ಲಿಷಿನಲ್ಲೂ ಹಿಂದೆ ಎರಡಿತ್ತು. 'ದೌ' ಅಂದರೆ ನೀನು, 'ಯು' ಅಂದರೆ ನೀವು. ಮರ್ಯಾದೆಗಾಗಿ ಎಲ್ಲರಿಗೂ ನೀವು ನೀವು ಅಂತ ಹೇಳಿ ಹೇಳಿ ನೀನು ಮಾಯವೇ ಆಯಿತು. ಹಾಗಾಗಿ 'ಯು' ಅನ್ನೋದು ಹುಟ್ಟಿನಲ್ಲಿ ಮರ್ಯಾದೆಯ ಪದ, ಅಧಿಕಾರಿಗೆ ಹೇಳೋಕೆ ಹಿಂಜರಿಯಬೇಡಿ. ಒಬ್ಬರಿಗೆ ಹೇಳುವಾಗಲೂ 'ಯು ಆರ್' ಅಂತ ಬಹುವಚನದ ಕ್ರಿಯಾಪದವೇ ಬರೋದು ಇದೇ ಕಾರಣಕ್ಕೆ. ಹಳೆಯ 'ದೌ' ಜೊತೆಗೆ ಬರುತ್ತಿದ್ದ ಕ್ರಿಯಾಪದ 'ಆರ್ಟ್'. ಇಂಗ್ಲಿಷಿನಲ್ಲಿ ಜಪಸರ ಮಾಡುವವರಿಗೆ ಈ ಪದಗಳು ಬಾಯಿಗೆ ಬಂದೇ ಇರುತ್ತವೆ. ಅದನ್ನು ಚಿತ್ರಕಲೆ ಅಂತ ತಿಳಿದಿದ್ದ ಒಬ್ಬ ಹುಡುಗನನ್ನು ನಾನು ಬಲ್ಲೆ.

'ನಾವು' ವಿಷಯಕ್ಕೆ ತಮಿಳು ಮಾತಾಡುವವರು ಇಲ್ಲಿ ಹೆಚ್ಚು ಬುದ್ಧಿವಂತರು. ಅವರಲ್ಲಿ ಎರಡು ನಾವು ಇವೆ. 'ನಾಮ' ಅಂದರೆ ಕೇಳುವವರೂ ಸೇರಿ ನಾವು. 'ನಾಂಗ' ಅಂದರೆ ನಿಮ್ಮನ್ನು ಬಿಟ್ಟು ನಾವು. ತೆಲುಗಿನಲ್ಲೂ ಮನಮು, ಮೇಮು ಅಂತ ಎರಡು. ಕನ್ನಡಕ್ಕೂ ಇಂಗ್ಲಿಷಿಗೂ ಒಂದೇ. ಸಂಘದ ಸಭೆಯಲ್ಲಿ ಯಾರಾದರೂ "ವಿ ವಿಲ್ ಪೇ" ಅಂದರೆ ಆ 'ವಿ' ಒಳಗೆ ನೀವು ಇದ್ದೀರೋ ಇಲ್ಲವೋ ಅಂತ ಅಲ್ಲೇ ಕೇಳಿಬಿಡಿ. ಆಮೇಲೆ ಕೇಳಿದರೆ ಜಗಳ.

ಈಗ ಸಂಯೋಜಕ ಪದಗಳು. ನಾವು "ಮನೆಗೆ ಹೋಗಿ, ಅಡುಗೆ ಮಾಡಿ, ಮಗೂನ ಮಲಗಿಸಿ ಬಂದೆ" ಅಂತೀವಿ. ಹೋಗಿ, ಮಾಡಿ, ಮಲಗಿಸಿ, ಇವೆಲ್ಲ ಗಾಡಿಯ ಡಬ್ಬಿಗಳು. ಕೊನೆಯ 'ಬಂದೆ' ಎಂಜಿನ್. ಕಾಲವೂ ವ್ಯಕ್ತಿಯೂ ಎಂಜಿನ್‌ನಲ್ಲಿ ಮಾತ್ರ. ಇಂಗ್ಲಿಷಿನಲ್ಲಿ ಒಂದೊಂದು ಡಬ್ಬಿಗೂ ಕಾಲ ಹಾಕಬೇಕು, ಕೊನೆಯದರ ಮುಂದೆ ಒಂದು 'ಅಂಡ್' ಕೊಂಡಿ: "ಐ ವೆಂಟ್ ಹೋಮ್, ಕುಕ್ಡ್, ಪುಟ್ ದ ಚೈಲ್ಡ್ ಟು ಬೆಡ್ ಅಂಡ್ ಕೇಮ್ ಬ್ಯಾಕ್." 'ಐ' ಒಂದು ಸಲ ಸಾಕು. ಕಾರಣ ಹೇಳುವಾಗ "ಬಿಕಾಸ್ ಐ ವಾಸ್ ಸಿಕ್, ಸೋ ಐ ಡಿಡ್ ನಾಟ್ ಕಮ್" ಅಂತ ಎರಡು ಕೊಂಡಿ ಹಾಕ್ತೀವಿ. ಒಂದನ್ನು ತೆಗೆಯಿರಿ. ಬಿಕಾಸ್ ಇದ್ದರೆ ಸೋ ಬೇಡ.

ನಾನು, ನನ್ನ ತಂಗಿ ಅನ್ನುವಾಗ 'ಐ' ಬರಬೇಕೋ 'ಮಿ' ಬರಬೇಕೋ ಅನ್ನೋದಕ್ಕೆ ಪಂಡಿತರನ್ನು ಕೇಳಬೇಕಿಲ್ಲ. ತಂಗಿಯನ್ನು ವಾಕ್ಯದಿಂದ ಸ್ವಲ್ಪ ಹೊತ್ತು ಹೊರಗೆ ನಿಲ್ಲಿಸಿ ನೋಡಿ. "ಫಾದರ್ ಕಾಲ್ಡ್ ಐ" ಅನ್ನೋದಿಲ್ಲ ತಾನೆ? "ಕಾಲ್ಡ್ ಮಿ." ಹಾಗಾದರೆ "ಫಾದರ್ ಕಾಲ್ಡ್ ಮೈ ಸಿಸ್ಟರ್ ಅಂಡ್ ಮಿ."

'ಅಂಡ್' ಮತ್ತು 'ಓರ್' ನಡುವಿನ ವ್ಯತ್ಯಾಸಕ್ಕೆ ನಾನು ಇವತ್ತು ಹೆಚ್ಚು ಸಮಯ ಇಟ್ಟುಕೊಂಡಿದ್ದೇನೆ. (ಅಥವಾ ಅನ್ನೋದನ್ನ ಓರ್ ಅಂತ ಬರೆಯುತ್ತೇನೆ. ಆರ್ ಅಂತ ಬರೆದರೆ ಕನ್ನಡ ಅಕ್ಷರದಲ್ಲಿ ಅದು ಇನ್ನೊಂದು 'ಆರ್' ಜೊತೆ ಕಲೆಸಿಹೋಗುತ್ತೆ.) ಅಂಡ್ ಇಬ್ಬರನ್ನು ಕಟ್ಟುತ್ತೆ, ಕ್ರಿಯಾಪದ ಬಹುವಚನ ಆಗುತ್ತೆ: "ಮೈ ಹಸ್ಬೆಂಡ್ ಅಂಡ್ ಐ ಆರ್ ಕಮಿಂಗ್." ಓರ್ ಇಬ್ಬರಲ್ಲಿ ಒಬ್ಬರನ್ನು ಆರಿಸುತ್ತೆ, ಕ್ರಿಯಾಪದ ಹತ್ತಿರ ಇರುವವರ ಮಾತು ಕೇಳುತ್ತೆ: "ಮೈ ಸನ್ ಓರ್ ಮೈ ಡಾಟರ್ ಈಸ್ ಕಮಿಂಗ್."

ಈಗ ನಿಮ್ಮ ಪಾಸ್‌ಪುಸ್ತಕ ತೆಗೆಯಿರಿ. ಗಂಡನ ಜೊತೆ ಜಂಟಿ ಖಾತೆ ಇರುವವರು ಅದರಲ್ಲಿ ಏನು ಬರೆದಿದೆ ನೋಡಿ. "ಐದರ್ ಓರ್ ಸರ್ವೈವರ್" ಅಂತ ಇದ್ದರೆ ಇಬ್ಬರಲ್ಲಿ ಯಾರು ಬೇಕಾದರೂ ಹಣ ತೆಗೆಯಬಹುದು, ಒಬ್ಬರು ತೀರಿಕೊಂಡರೆ ಉಳಿದವರಿಗೆ ಬ್ಯಾಂಕು ಹಣ ಕೊಡುತ್ತೆ. "ಫಾರ್ಮರ್ ಓರ್ ಸರ್ವೈವರ್" ಅಂತ ಇದ್ದರೆ ಮೊದಲ ಹೆಸರಿನವರು ಬದುಕಿರುವವರೆಗೆ ಅವರೊಬ್ಬರೇ. ನಿಮ್ಮ ಹೆಸರು ಎರಡನೆಯದಾಗಿದ್ದರೆ ಅಲ್ಲಿಯವರೆಗೆ ಅದು ಬರೀ ಹೆಸರು. "ಜಾಯಿಂಟ್ಲಿ" ಅಂತ ಮಾತ್ರ ಇದ್ದರೆ ಪ್ರತಿ ಸಲ ಇಬ್ಬರ ಸಹಿ ಬೇಕು, ಒಬ್ಬರು ತೀರಿಕೊಂಡರೆ ಉಳಿದವರ ಜೊತೆ ತೀರಿಕೊಂಡವರ ವಾರಸುದಾರರೂ ಸೇರಬೇಕು. ದೇ ಎಕ್ಸ್‌ಪೈರ್ಡ್ ಅಂದ ಆ ತಾಯಿಯ ಪಾಸ್‌ಪುಸ್ತಕದಲ್ಲಿ ಇದ್ದದ್ದು ಈ ಕೊನೆಯದು. ಮೈದುನಂದಿರ ವಾದ, ಓಡಾಟ, ಅದೆಲ್ಲ ಮುಗಿಯೋ ಹೊತ್ತಿಗೆ ಮಗಳ ಫೀಸಿನ ಗಡುವು ದಾಟಿತ್ತು. ಖಾತೆ ತೆಗೆಯುವ ದಿನ ಫಾರಂನಲ್ಲಿ ಒಂದು ಚೌಕಕ್ಕೆ ಗುರುತು ಹಾಕುವಾಗ ಆ ದಂಪತಿಗೆ ಒಂದು 'ಓರ್' ಏನು ಮಾಡುತ್ತೆ ಅಂತ ಯಾರೂ ಹೇಳಿರಲಿಲ್ಲ.

ಚೆಕ್ಕಿನಲ್ಲೂ ಒಂದು ಓರ್ ಇದೆ. ಹೆಸರಿನ ಗೆರೆಯ ಕೊನೆಯಲ್ಲಿ "ಓರ್ ಬೇರರ್" ಅಂತ ಅಚ್ಚಾಗಿರುತ್ತೆ. ನೀವು ಬರೆದ ಹೆಸರಿನವರಿಗೆ ಅಥವಾ ಈ ಚೆಕ್ ಹಿಡಿದು ತಂದವರಿಗೆ ಅಂತ ಅರ್ಥ. ದಾರಿಯಲ್ಲಿ ಬಿದ್ದರೆ ಎತ್ತಿಕೊಂಡವನೂ ತಂದವನೇ. ಆ ಎರಡು ಪದ ಹೊಡೆದುಹಾಕಿ, ಎಡ ಮೂಲೆಯಲ್ಲಿ ಎರಡು ಓರೆ ಗೆರೆ ಎಳೆಯಿರಿ. ಗೆರೆ ಎಳೆದರೆ ಹಣ ಖಾತೆಗೇ ಹೋಗಬೇಕು, ಕೈಗೆ ಸಿಗೋದಿಲ್ಲ.

ಸಂಘದ ಸಾಲದ ಪತ್ರಕ್ಕೆ ಬರ್ತೀನಿ. ಸ್ವಸಹಾಯ ಗುಂಪುಗಳಿಗೆ ಬ್ಯಾಂಕು ಸಾಲ ಕೊಡುವ ಪ್ರಯೋಗವನ್ನು ನಬಾರ್ಡ್ 1992ರಲ್ಲಿ ಶುರುಮಾಡಿತು. ನಮ್ಮ ರಾಜ್ಯದಲ್ಲಿ 2000ದಿಂದ ಸ್ತ್ರೀಶಕ್ತಿ ಸಂಘಗಳೂ ಹುಟ್ಟಿದವು. ಗುಂಪು ಸಾಲದ ಪತ್ರಗಳಲ್ಲಿ "ಜಾಯಿಂಟ್ಲಿ ಅಂಡ್ ಸೆವೆರಲಿ" ಅನ್ನುವ ಮಾತು ಕಂಡರೆ ಅಲ್ಲೇ ನಿಲ್ಲಿ. 'ಸೆವೆರಲ್' ಅಂದರೆ ಹಲವು ಅಂತ ಗೊತ್ತಿರುವವರು ಇದೂ ಹಾಗೇ ಅಂದುಕೊಳ್ತಾರೆ. ಅಲ್ಲ. ಇಲ್ಲಿ ಅದರ ಅರ್ಥ ಒಬ್ಬೊಬ್ಬರೇ, ಬೇರೆ ಬೇರೆಯಾಗಿ. ನಡುವೆ ಇರುವ 'ಅಂಡ್' ಎರಡನ್ನೂ ಕಟ್ಟಿದೆ. ಹತ್ತು ಜನ ಸೇರಿ 1 ಲಕ್ಷ ಸಾಲ ತೆಗೆದರೆ ಹತ್ತೂ ಜನರನ್ನು ಸೇರಿಸಿ ಕೇಳಬಹುದು, ಅಥವಾ ಒಬ್ಬರ ಬಾಗಿಲಿಗೇ ಬಂದು ಪೂರ್ತಿ 1 ಲಕ್ಷ ಕೇಳಬಹುದು. "ನನ್ನ ಪಾಲು 10 ಸಾವಿರ ಕಟ್ಟಿದ್ದೀನಲ್ಲ" ಅನ್ನೋದು ಸಂಘದೊಳಗೆ ನಡೆಯುತ್ತೆ, ಸಾಲ ಕೊಟ್ಟವರ ಮುಂದೆ ನಡೆಯೋದಿಲ್ಲ. ಇದನ್ನು ತಿಳಿದೇ ಸಹಿ ಹಾಕಬೇಕಾದ ಸಂದರ್ಭ ಬರಬಹುದು, ಸಂಘ ನಡೆಯೋದೇ ಒಬ್ಬರಿಗೊಬ್ಬರು ನಿಲ್ಲುವುದರಿಂದ. ಆದರೆ ತಿಳಿದು ಹಾಕಿ. ಪತ್ರದ ಮೇಲೆ "ಐ" ಮತ್ತು "ವಿ" ನಡುವೆ ಓರೆ ಗೆರೆ ಹಾಕಿ ಅಚ್ಚು ಮಾಡಿದ್ದರೆ ಬೇಡದ್ದನ್ನು ಹೊಡೆದುಹಾಕಿ, ಆಮೇಲೆ ಪೆನ್ನು ಕೆಳಗೆ ತನ್ನಿ.

ಸಿಸ್ಟರ್ ಗಡಿಯಾರ ತೋರಿಸ್ತಾ ಇದ್ದಾರೆ. ಮುಂದಿನ ಭಾನುವಾರ ಎರಡನೇ ಪೂಜೆ ಆದ ಮೇಲೆ ಇಲ್ಲೇ ಸೇರೋಣ. ಪಾಸ್‌ಪುಸ್ತಕ ಇವತ್ತು ತಂದಿಲ್ಲದವರು ಅವತ್ತು ತನ್ನಿ, ಸಾಲದ ಪತ್ರದ ನಕಲು ಇದ್ದರೆ ಅದನ್ನೂ ತನ್ನಿ. ಖಾತೆಯಲ್ಲಿ ಯಾವ ಪದ ಇದೆ ಅಂತ ಒಬ್ಬೊಬ್ಬರದೂ ಓದಿ ನೋಡೋಣ. ಬದಲಾಯಿಸಬೇಕು ಅಂದರೆ ಗಂಡ ಹೆಂಡತಿ ಇಬ್ಬರೂ ಬ್ಯಾಂಕಿಗೆ ಹೋಗಿ ಬರೆದುಕೊಡಬೇಕಾಗುತ್ತೆ, ಅದಕ್ಕೆ ಅರ್ಜಿ ಬರೆಯೋದನ್ನೂ ಅವತ್ತೇ ಕಲಿಯೋಣ. ಸುಟ್ಟ ಕೈಯ ತಂಗಿ ಹಿಂದಿನ ಸಾಲಿನಲ್ಲಿ ಕೂತಿದ್ದಾರೆ. ಅವತ್ತು ಕಪ್ಪುಹಲಗೆಯ ಮೇಲೆ ಮೊದಲ ವಾಕ್ಯ ಬರೆಯುವವರು ಅವರೇ, ಈಗಲೇ ಒಪ್ಪಿಕೊಂಡಿದ್ದಾರೆ.